ಗಾಳಿ ಮರಕ್ಕೂ ನಿಷೇಧ: ಫ್ಲೋರಿಡಾದಲ್ಲಿ ಹೀಗೊಂದು ನಿಯಮ

ನಮ್ಮ ಕರಾವಳಿಯವರಿಗೆ ಗಾಳಿ ಮರ ಹೊಸತಲ್ಲ. ಮರಳು ಹಾರದಿರಲಿ, ಗಾಳಿಯ ಹೊಡೆತ ತಗ್ಗಲಿ ಎಂದು ಕಡಲ ದಂಡೆಯಲ್ಲಿ ಅದನ್ನು ಬೆಳೆಸುತ್ತಾ ಬಂದಿದ್ದೇವೆ. ಆದರೆ ಅಮೆರಿಕದ ಫ್ಲೋರಿಡಾ ರಾಜ್ಯದ ಮಯಾಮಿ-ಡೇಡ್ ಕೌಂಟಿಯಲ್ಲಿ ಇದೇ ಮರವನ್ನು ನೆಡುವಂತಿಲ್ಲ, ಮಾರುವಂತಿಲ್ಲ. ಕೌಂಟಿ ಎಂದರೆ ನಮ್ಮ ಜಿಲ್ಲೆಯನ್ನು ಹೋಲುವ ಸ್ಥಳೀಯ ಆಡಳಿತ.

19ನೇ ಶತಮಾನದ ಕೊನೆಯಲ್ಲಿ ನೆರಳಿಗಾಗಿ, ಗಾಳಿತಡೆಗಾಗಿ ಫ್ಲೋರಿಡಾಕ್ಕೆ ತಂದ ಈ ಮರವನ್ನು ಅಲ್ಲಿನವರು 'ಆಸ್ಟ್ರೇಲಿಯನ್ ಪೈನ್' ಎನ್ನುತ್ತಾರೆ. ಉಪ್ಪು ಗಾಳಿಯಲ್ಲೂ, ಸಾರವಿಲ್ಲದ ಮರಳಲ್ಲೂ ಅದು ಬೇಗ ಬೆಳೆಯುತ್ತದೆ. ಅದರ ತರಗು ನೆಲವನ್ನು ದಪ್ಪವಾಗಿ ಮುಚ್ಚುವುದರಿಂದ ದಂಡೆಯ ಮೂಲ ಗಿಡಗಳು ಮೇಲೇಳುವುದಿಲ್ಲ. ಮೇಲ್ಮಣ್ಣಿನಲ್ಲೇ ಹರಡುವ ಬೇರುಗಳು ಕಡಲಾಮೆಗಳು ಮೊಟ್ಟೆಯಿಡಲು ಗುಂಡಿ ತೋಡುವುದಕ್ಕೆ ಅಡ್ಡಿಯಾಗುತ್ತವೆ. ಚಂಡಮಾರುತಕ್ಕೆ ಮರ ಬುಡಸಮೇತ ಉರುಳುತ್ತದೆ. 2004ರ 'ಚಾರ್ಲಿ' ಚಂಡಮಾರುತದಲ್ಲಿ ಸನಿಬೆಲ್ ದ್ವೀಪದ ರಸ್ತೆಗಳಿಗೆ ಇವು ಸಾಲುಸಾಲಾಗಿ ಅಡ್ಡಬಿದ್ದವು.

ಹಾಗಾದರೆ ನಿಯಮ ಏನು ಹೇಳುತ್ತದೆ? ಮಯಾಮಿ-ಡೇಡ್‌ನಲ್ಲಿ ಮರ ಕಡಿಯಲು ಸಾಮಾನ್ಯವಾಗಿ ಅನುಮತಿ ಬೇಕು. ಕಡಿದದ್ದಕ್ಕೆ ಬದಲಿ ಮರ ನೆಡಬೇಕು. ನಿಷೇಧಿತ ಪಟ್ಟಿಯಲ್ಲಿರುವ ಮರಗಳಿಗೆ ಈ ರಕ್ಷಣೆ ಇಲ್ಲ. ಅಷ್ಟೇ ಅಲ್ಲ, ಜಾಗದಲ್ಲಿ ಕಟ್ಟಡ ಕಟ್ಟುವ ಮೊದಲು ಅವುಗಳನ್ನು ತೆಗೆಯಬೇಕು. ಮತ್ತೆ ಬೆಳೆಯದಂತೆಯೂ ನೋಡಿಕೊಳ್ಳಬೇಕು.

ಈ ಕೊನೆಯ ಮಾತೇ ಮುಖ್ಯ. ಪಟ್ಟಿಯಲ್ಲಿರುವ 'ಬ್ರೆಜಿಲಿಯನ್ ಪೆಪ್ಪರ್' ಕಡಿದ ಬುಡದಿಂದಲೇ ಚಿಗುರುತ್ತದೆ. 'ಮೆಲಲೂಕ' ಮರವನ್ನು ಕಡಿದರೆ ಅಥವಾ ಸುಟ್ಟರೆ, ಕೊಂಬೆಗಳಲ್ಲಿ ಹಿಡಿದಿಟ್ಟ ಲಕ್ಷಾಂತರ ಬೀಜಗಳನ್ನು ಉದುರಿಸುತ್ತದೆ. ಆದ್ದರಿಂದ ಬುಡಕ್ಕೆ ಕಳೆನಾಶಕ ಹಚ್ಚಿ, ಸಸಿಗಳನ್ನು ವರ್ಷಗಟ್ಟಲೆ ಕೀಳುತ್ತಿರಬೇಕು. ಮೆಲಲೂಕದ ಹತೋಟಿಗೆ 1997ರಲ್ಲಿ ಆಸ್ಟ್ರೇಲಿಯಾದ ಒಂದು ಮೂತಿ ಹುಳುವನ್ನೂ ಬಿಡಲಾಯಿತು.

ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. ಫ್ಲೋರಿಡಾದ ದಕ್ಷಿಣ ತುದಿಯ ಕೀ ವೆಸ್ಟ್ ಊರಿನಲ್ಲಿ, ಕಡಲ ತೀರದ ಉದ್ಯಾನದ ಗಾಳಿ ಮರಗಳನ್ನು ಕಡಿಯಲು ಹೊರಟಾಗ ಜನ ವಿರೋಧಿಸಿದರು. ಬಿಸಿಲಿನ ದಂಡೆಯಲ್ಲಿ ಇದ್ದದ್ದು ಅದೊಂದೇ ನೆರಳು ಎಂಬುದು ಅವರ ವಾದ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮರ ತೆಗೆಯುವ ಆಜ್ಞೆಯ ಜೊತೆಗೆ, ಆ ಜಾಗದಲ್ಲಿ ಊರಿನದೇ ನೆರಳು ಮರ ಬೆಳೆಸುವ ಹೊಣೆಯನ್ನೂ ಆಡಳಿತ ಹೊತ್ತುಕೊಂಡರೆ ಮಾತ್ರ ಜನ ಕೈಜೋಡಿಸುತ್ತಾರೆ.

ಮರ ನೆಡುವುದು ಒಳ್ಳೆಯ ಕೆಲಸ. ಆದರೆ ಯಾವ ಮರ, ಯಾವ ನೆಲದಲ್ಲಿ ಎಂಬ ಪ್ರಶ್ನೆಯನ್ನು ಗುಂಡಿ ತೆಗೆಯುವ ಮೊದಲೇ ಕೇಳಿದರೆ ಖರ್ಚೂ ಕಡಿಮೆ, ಜಗಳವೂ ಕಡಿಮೆ.