ನಿಮಗಿದು ಗೊತ್ತೇ? ಧೂಳಿನೊಳಗೆ ಹುಟ್ಟುವ ನಕ್ಷತ್ರಗಳು

● ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಲ್ಲಿ ಕೂತು ಭದ್ರಾವತಿ ಆಕಾಶವಾಣಿ ಕೇಳಬೇಕೆಂದರೆ ಎಫ್‌ಎಂನಲ್ಲಿ 103.5 ಮೆಗಾಹರ್ಟ್ಸ್‌ಗೆ ತಿರುಗಿಸಬೇಕು. ಸರಿಯಾಗಿ ಅದರ ಮೂರನೇ ಒಂದು ಪಾಲು, ಅಂದರೆ 34.5 ಮೆಗಾಹರ್ಟ್ಸ್‌ನಲ್ಲಿ, ನಮ್ಮದೇ ರಾಜ್ಯದ ಗೌರಿಬಿದನೂರಿನ ದೂರದರ್ಶಕ ಆಕಾಶಗಂಗೆಯ ನಕ್ಷೆ ಬರೆದಿದೆ. ಎರಡೂ ರೇಡಿಯೊ ಅಲೆಗಳೇ. ಒಂದರ ಉದ್ದ 2.9 ಮೀಟರ್, ಇನ್ನೊಂದರದು 8.7 ಮೀಟರ್.

● ನಕ್ಷತ್ರಗಳು ಹುಟ್ಟುವುದು ಅನಿಲ ಮತ್ತು ಧೂಳಿನ ದಟ್ಟ ಮೋಡಗಳ ಒಳಗೆ. ಅಲ್ಲಿನ ಉಷ್ಣತೆ ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್! ಒಳಗೆ ಹುಟ್ಟಿದ ಬೆಳಕನ್ನು ಧೂಳು ತಡೆದುಬಿಡುತ್ತದೆ. ರೇಡಿಯೊ ಅಲೆಯ ಮುಂದೆ ಧೂಳಿನ ಕಣ ತೀರಾ ಚಿಕ್ಕದು, ಹಾಗಾಗಿ ಅಲೆ ಸಲೀಸಾಗಿ ಹೊರಗೆ ಬರುತ್ತದೆ.

● ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಸುಮಾರು ಎರಡು ಸೂರ್ಯರ ತೂಕದಷ್ಟು ಅನಿಲ ಹೊಸ ನಕ್ಷತ್ರಗಳಾಗುತ್ತದೆ.

● ಮಲೆನಾಡಿನ ಆಷಾಢದ ಮೋಡ ಕಣ್ಣಿಗೆ ಆಕಾಶವನ್ನು ಮುಚ್ಚಿದರೂ ಮೀಟರ್ ಉದ್ದದ ರೇಡಿಯೊ ಅಲೆಗಳಿಗೆ ಅಡ್ಡಿಯಾಗದು. ರೇಡಿಯೊ ದೂರದರ್ಶಕಗಳು ಹಗಲಲ್ಲೂ ಕೆಲಸ ಮಾಡುತ್ತವೆ.

● ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ಉದ್ದದ ಅಲೆ ಹೊಮ್ಮಿಸುತ್ತದೆ. ಆಕಾಶಗಂಗೆಯಿಂದ ಬರುವ ಈ ಅಲೆಯನ್ನು 1951ರಲ್ಲಿ ಹಾರ್ವರ್ಡ್‌ನ ಇವೆನ್ ಮತ್ತು ಪರ್ಸೆಲ್ ಮೊದಲು ಹಿಡಿದರು. ಆಕಾಶಗಂಗೆಯ ಸುರುಳಿ ತೋಳುಗಳ ನಕ್ಷೆಗೆ ದಾರಿಯಾದದ್ದು ಇದೇ ಅಲೆ.

● ಆದರೆ ನಕ್ಷತ್ರ ಹುಟ್ಟುವ ತಣ್ಣನೆಯ ಮೋಡದಲ್ಲಿ ಹೈಡ್ರೋಜನ್ ಪರಮಾಣುಗಳು ಜೋಡಿಯಾಗಿ ಅಣುವಾಗುತ್ತವೆ. ಆ ಅಣು ಅಲ್ಲಿ ಯಾವ ಸುಳಿವೂ ಕೊಡುವುದಿಲ್ಲ. ಅದರ ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್ 2.6 ಮಿಲಿಮೀಟರ್ ಅಲೆ ಹೊಮ್ಮಿಸಿ ಮೋಡದ ಗುರುತು ಹೇಳುತ್ತದೆ. ಇದನ್ನು 1970ರಲ್ಲಿ ಮಹಾವ್ಯಾಧ ನೀಹಾರಿಕೆಯಲ್ಲಿ ಮೊದಲು ಕಂಡರು.

● ಗೌರಿಬಿದನೂರಿನ ಆ ದೂರದರ್ಶಕದಲ್ಲಿ ತಟ್ಟೆಯೇ ಇಲ್ಲ! ಇಂಗ್ಲಿಷಿನ 'ಟಿ' ಅಕ್ಷರದಂತೆ ಸಾಲಾಗಿ ನೆಟ್ಟ 1,000 ಆಂಟೆನಾಗಳೇ ದೂರದರ್ಶಕ. ಪೂರ್ವ-ಪಶ್ಚಿಮ ಸಾಲು 1.4 ಕಿಲೋಮೀಟರ್, ದಕ್ಷಿಣದ ಸಾಲು 450 ಮೀಟರ್. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ್ದು. ದ್ವಾರಕಾನಾಥ್ ಮತ್ತು ಉದಯ ಶಂಕರ್ ಇದರಿಂದ ಮಾಡಿದ ಆಕಾಶ ಸಮೀಕ್ಷೆ 1990ರಲ್ಲಿ ಪ್ರಕಟವಾಯಿತು.

● ಹೊಸದಾಗಿ ಹುಟ್ಟಿದ ದೊಡ್ಡ ನಕ್ಷತ್ರಗಳು ಸುತ್ತಲಿನ ಅನಿಲವನ್ನು ಕಾಯಿಸಿ ಅದರ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತವೆ. ಕಣ್ಣಿಗೆ ಹೊಳೆಯುವ ಈ ಅನಿಲ 34.5 ಮೆಗಾಹರ್ಟ್ಸ್‌ನಲ್ಲಿ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಕಾರಣ, ಹಿಂದಿನಿಂದ ಬರುವ ರೇಡಿಯೊ ಅಲೆಯನ್ನು ಅದು ಹೀರಿಕೊಳ್ಳುತ್ತದೆ.

● ಗೌರಿಬಿದನೂರಿನಲ್ಲೇ ಹಿಡಿದ ಇನ್ನೊಂದು ಅಚ್ಚರಿ ಊದಿಕೊಂಡ ಇಂಗಾಲದ ಪರಮಾಣು. ಅದರ ಎಲೆಕ್ಟ್ರಾನ್ 575ನೇ ಕಕ್ಷೆಯ ಆಸುಪಾಸಿನಲ್ಲಿ ಸುತ್ತುತ್ತಿರುತ್ತದೆ. ಮೊದಲ ಕಕ್ಷೆಗೆ ಹೋಲಿಸಿದರೆ ಇದು ಮೂರು ಲಕ್ಷಕ್ಕೂ ಹೆಚ್ಚು ಪಟ್ಟು ದೊಡ್ಡದು. ಒಂದೇ ಒಂದು ಪರಮಾಣುವಿನ ಅಡ್ಡಗಲ 0.035 ಮಿಲಿಮೀಟರ್, ಹೆಚ್ಚುಕಡಿಮೆ ತಲೆಗೂದಲಿನ ಅರ್ಧ ದಪ್ಪ! ಭೂಮಿಯ ಗಾಳಿಯಲ್ಲಿ ಇಂಥದ್ದು ಕ್ಷಣವೂ ಉಳಿಯದು, ಅಕ್ಕಪಕ್ಕದ ಅಣುಗಳು ಢಿಕ್ಕಿ ಹೊಡೆದು ಒಡೆದುಬಿಡುತ್ತವೆ. ನಕ್ಷತ್ರಗಳ ನಡುವಿನ ಬಯಲಲ್ಲಿ ಮಾತ್ರ ಅದಕ್ಕೆ ಜಾಗ.

● ಊಟಿಯ ರೇಡಿಯೊ ದೂರದರ್ಶಕ 530 ಮೀಟರ್ ಉದ್ದ, 30 ಮೀಟರ್ ಅಗಲ. ಗೋವಿಂದ ಸ್ವರೂಪ್ ಅದನ್ನು ಬೆಟ್ಟದ ಇಳಿಜಾರಿನಲ್ಲೇ ಕಟ್ಟಿಸಿದರು. ಆ ಇಳಿಜಾರು ಅಲ್ಲಿನ ಅಕ್ಷಾಂಶಕ್ಕೆ, ಅಂದರೆ ಸುಮಾರು 11 ಡಿಗ್ರಿಗೆ, ಹೊಂದುತ್ತದೆ. ಹಾಗಾಗಿ ದೂರದರ್ಶಕ ಒಂದೇ ಅಕ್ಷದ ಮೇಲೆ ತಿರುಗಿ ಆಕಾಶಕಾಯಗಳನ್ನು ಗಂಟೆಗಟ್ಟಲೆ ಹಿಂಬಾಲಿಸಬಲ್ಲದು.

● ಅದೇ ಊಟಿ ದೂರದರ್ಶಕದಿಂದ 1980ರ ದಶಕದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಕೆ.ಆರ್. ಅನಂತರಾಮಯ್ಯ ಆಕಾಶಗಂಗೆಯ ಒಳಭಾಗವನ್ನು ಸಮೀಕ್ಷಿಸಿದರು. ಎಳೆಯ ನಕ್ಷತ್ರಗಳ ಸುತ್ತಲಿನ ಬಿಸಿ ಅನಿಲದ ಹೊರಗೂ ತೆಳುವಾದ, ಬಹಳ ದೂರ ಹರಡಿದ ಇನ್ನೊಂದು ಹೊದಿಕೆ ಇದೆ ಎಂದು ತೋರಿಸಿದರು.

● ಬೆಂಗಳೂರಿನ ಮೇಖ್ರಿ ವೃತ್ತದ ಹತ್ತಿರ, ರಾಮನ್ ಸಂಸ್ಥೆಯ ಅಂಗಳದಲ್ಲೇ 10.4 ಮೀಟರ್ ಅಗಲದ ತಟ್ಟೆಯೊಂದು ಎದ್ದಿತು. ಅದು ಮಿಲಿಮೀಟರ್ ಅಲೆಗಳಲ್ಲಿ ಗಮ್ ನೀಹಾರಿಕೆಯ ಧೂಮಕೇತು ಆಕಾರದ ಪುಟ್ಟ ಮೋಡಗಳನ್ನು ಅಭ್ಯಸಿಸಿತು.

● ಇತ್ತೀಚಿನ ದೊಡ್ಡ ಸಮೀಕ್ಷೆಗಳಲ್ಲೊಂದು 'ಗ್ಲೋಸ್ಟಾರ್'. ಅಮೆರಿಕದ 27 ತಟ್ಟೆಗಳ ವಿಎಲ್‌ಎ ಮತ್ತು ಜರ್ಮನಿಯ 100 ಮೀಟರ್ ಎಫೆಲ್ಸ್‌ಬರ್ಗ್ ದೂರದರ್ಶಕಗಳನ್ನು ಜೊತೆಗೂಡಿಸಿ ನಡೆಸಿದ್ದು. ಮೆಥನಾಲ್ ಅಣು 6.7 ಗಿಗಾಹರ್ಟ್ಸ್‌ನಲ್ಲಿ ಜೋರಾಗಿ ಮಿನುಗಿದರೆ ಅಲ್ಲಿ ದೊಡ್ಡ ನಕ್ಷತ್ರವೊಂದು ಹುಟ್ಟುತ್ತಿದೆ ಎಂದೇ ಅರ್ಥ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಈ ತಂಡದಲ್ಲಿದ್ದಾರೆ.

● ಹೊಸ ನಕ್ಷತ್ರಗಳ ಊರನ್ನು ಬರಿಗಣ್ಣಿನಲ್ಲೂ ನೋಡಬಹುದು. ಜನವರಿ-ಫೆಬ್ರುವರಿಯ ಸಂಜೆ ಪೇಟೆಯ ದೀಪಗಳಿಂದ ದೂರ, ಗಾಜನೂರಿನ ಕಡೆ ಹೋಗಿ ನಿಲ್ಲಿ. ಮಹಾವ್ಯಾಧ ಪುಂಜದಲ್ಲಿ ಒಂದೇ ಸಾಲಿನ ಮೂರು ನಕ್ಷತ್ರಗಳ ಕೆಳಗೆ ಮಸುಕಾದ ಮಚ್ಚೆಯೊಂದಿದೆ. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ನೀಹಾರಿಕೆಯಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಮಕ್ಕಳಿಗೆ ತಪ್ಪದೆ ತೋರಿಸಿ. ಮನೆಯಲ್ಲಿ ಬಿಎಸ್‌ಸಿ ಭೌತವಿಜ್ಞಾನ ಓದುವವರಿದ್ದರೆ ಇನ್ನೊಂದು ಮಾತು ಹೇಳಿ: ಪುಣೆಯ ಬಳಿ 45 ಮೀಟರ್ ಅಗಲದ 30 ತಟ್ಟೆಗಳಿರುವ ಜಿಎಂಆರ್‌ಟಿಯ ಹಳೆಯ ವೀಕ್ಷಣೆಗಳ ಭಂಡಾರ ಅಂತರ್ಜಾಲದಲ್ಲಿದೆ. ಹೆಸರು ನೋಂದಾಯಿಸಿಕೊಂಡರೆ ಶಿವಮೊಗ್ಗದಲ್ಲಿ ಕೂತೇ ಅದನ್ನು ಅಭ್ಯಾಸ ಮಾಡಬಹುದು.