ಒಂದೇ ಊರು, ಎರಡು ರಾಜ್ಯ: ಕ್ಯಾನ್ಸಸ್ ಮತ್ತು ಮಿಸೌರಿ ಜಗಳದ ಲೆಕ್ಕ

ಕಾಲೇಜಿನ ಕ್ವಿಜ್‌ನಲ್ಲಿ ಒಂದು ಪ್ರಶ್ನೆ ಬಂತು: "ಕ್ಯಾನ್ಸಸ್ ಸಿಟಿ ಅಮೆರಿಕದ ಯಾವ ರಾಜ್ಯದಲ್ಲಿದೆ?" ಹೆಸರಿನಲ್ಲೇ ಉತ್ತರ ಇದೆಯಲ್ಲ ಎಂದು ನಾನು ಗಡಿಬಿಡಿಯಲ್ಲಿ "ಕ್ಯಾನ್ಸಸ್" ಎಂದೆ. ತಪ್ಪು. ಸರಿ ಉತ್ತರ ಮಿಸೌರಿ. ನಮ್ಮ ತಂಡ ಸೋತದ್ದು ಒಂದೇ ಅಂಕದಿಂದ. ಆ ಸಿಟ್ಟಿನಲ್ಲೇ ಮನೆಗೆ ಹೋಗಿ ಈ ಊರಿನ ಬಗ್ಗೆ ಓದತೊಡಗಿದೆ.

ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಕ್ಯಾನ್ಸಸ್ ಸಿಟಿ ಎಂಬ ಹೆಸರಿನ ಊರು ಎರಡಿವೆ, ಅದೂ ಅಕ್ಕಪಕ್ಕದಲ್ಲಿ. ದೊಡ್ಡದು ಮಿಸೌರಿಯಲ್ಲಿದೆ, 2020ರ ಜನಗಣತಿಯಲ್ಲಿ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಜನ. ಚಿಕ್ಕದು ಕ್ಯಾನ್ಸಸ್‌ನಲ್ಲಿದೆ, ಅಲ್ಲಿ ಒಂದೂವರೆ ಲಕ್ಷದಷ್ಟು. ಮಿಸೌರಿಯ ಊರಿಗೆ ನದಿಯಿಂದ ಈ ಹೆಸರು ಬಂದಾಗ ಕ್ಯಾನ್ಸಸ್ ಎಂಬ ರಾಜ್ಯವೇ ಹುಟ್ಟಿರಲಿಲ್ಲ. 2020ರಲ್ಲಿ ಈ ಊರಿನ ಚೀಫ್ಸ್ ಫುಟ್‌ಬಾಲ್ ತಂಡ ಸೂಪರ್ ಬೌಲ್ ಗೆದ್ದಾಗ ಅಧ್ಯಕ್ಷ ಟ್ರಂಪ್ ಅಭಿನಂದಿಸಿದ್ದು ಕ್ಯಾನ್ಸಸ್ ರಾಜ್ಯವನ್ನು! ತಂಡ ಆಡುತ್ತಿದ್ದದ್ದು ಮಿಸೌರಿಯಲ್ಲಿ. ಅವರೇ ತಪ್ಪು ಮಾಡಿದ ಮೇಲೆ ನನ್ನದೇನು ದೊಡ್ಡದಲ್ಲ.

ಅಮೆರಿಕದಲ್ಲಿ ನೆರೆಯ ರಾಜ್ಯಗಳ ಪೈಪೋಟಿ ಸಾಮಾನ್ಯ. ಒಹಾಯೊ ಮತ್ತು ಮಿಶಿಗನ್ 1835ರಲ್ಲಿ ಟೊಲೆಡೊ ಎಂಬ ಊರಿನ ಸುತ್ತಲಿನ ನೆಲಕ್ಕಾಗಿ ಸೈನ್ಯವನ್ನೇ ಸೇರಿಸಿದ್ದವು, ಆದರೆ ಯಾರೂ ಸಾಯಲಿಲ್ಲ. ಕ್ಯಾನ್ಸಸ್ ಮತ್ತು ಮಿಸೌರಿಯ ಕಥೆ ಹಾಗಲ್ಲ. ಅಲ್ಲಿ ರಕ್ತ ಹರಿದಿದೆ.

1854ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಹೊಸ ಪ್ರದೇಶವಾದ ಕ್ಯಾನ್ಸಸ್‌ನಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂದು ಅಲ್ಲಿ ನೆಲೆಸಿದವರೇ ತೀರ್ಮಾನಿಸಬೇಕು ಎಂದಿತು. ಪಕ್ಕದ ಮಿಸೌರಿಯಲ್ಲಿ ಗುಲಾಮಗಿರಿ ಇತ್ತು. 1855ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಕ್ಯಾನ್ಸಸ್‌ನಲ್ಲಿದ್ದ ಅರ್ಹ ಮತದಾರರು 2,905, ಬಿದ್ದ ಮತಗಳು 6,000ಕ್ಕೂ ಹೆಚ್ಚು! ಮಿಸೌರಿಯಿಂದ ಸಾವಿರಾರು ಜನ ಬಂದೂಕು ಹಿಡಿದು ಬಂದು ಮತ ಹಾಕಿ ವಾಪಸ್ ಹೋಗಿದ್ದರು. ಆಮೇಲೆ ಎರಡೂ ಕಡೆ ಕೊಲೆ, ಸುಲಿಗೆ ನಡೆದವು. 1861ರಲ್ಲಿ ಕ್ಯಾನ್ಸಸ್ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಒಕ್ಕೂಟಕ್ಕೆ ಸೇರಿತು. ಅಂತರ್ಯುದ್ಧದ ನಡುವೆ, 1863ರ ಆಗಸ್ಟ್ 21ರ ಬೆಳಿಗ್ಗೆ, ಕ್ವಾಂಟ್ರಿಲ್ ಎಂಬಾತನ ಪಡೆ ಮಿಸೌರಿಯ ಕಡೆಯಿಂದ ಬಂದು ಕ್ಯಾನ್ಸಸ್‌ನ ಲಾರೆನ್ಸ್ ಊರನ್ನು ಸುಟ್ಟಿತು. ಸುಮಾರು 150 ಗಂಡಸರು ಮತ್ತು ಹುಡುಗರು ಸತ್ತರು. ನಾಲ್ಕೇ ದಿನದಲ್ಲಿ ಕೇಂದ್ರದ ಸೇನಾಧಿಕಾರಿಯೊಬ್ಬರು ಗಡಿಯ ಮಿಸೌರಿ ಕೌಂಟಿಗಳ ಗ್ರಾಮೀಣ ಜನರಿಗೆ 15 ದಿನದಲ್ಲಿ ಮನೆ ಬಿಡಲು ಆದೇಶಿಸಿದರು. ಈ ಸಲ ಉರಿದದ್ದು ಮಿಸೌರಿಯ ಮನೆಗಳು.

ಈ ದ್ವೇಷ ನಂತರ ಆಟದ ಮೈದಾನಕ್ಕೆ ಬಂತು. 1891ರಿಂದ ಎರಡೂ ರಾಜ್ಯಗಳ ವಿಶ್ವವಿದ್ಯಾಲಯಗಳು ಫುಟ್‌ಬಾಲ್ ಆಡುತ್ತಿವೆ. ಇದು ನಮ್ಮ ಫುಟ್‌ಬಾಲ್ ಅಲ್ಲ, ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ತಂಡಗಳ ಹೆಸರು ಕೂಡ ಆ ಕಾಲದವೇ. ಕ್ಯಾನ್ಸಸ್‌ನ 'ಜೇಹಾಕ್' ಗುಲಾಮಗಿರಿ ವಿರೋಧಿ ಗುಂಪುಗಳ ಹೆಸರು, ಮಿಸೌರಿಯ 'ಟೈಗರ್ಸ್' ಯುದ್ಧಕಾಲದಲ್ಲಿ ಊರು ಕಾಯುತ್ತಿದ್ದ ಪಡೆಯ ಹೆಸರು. ಕೆಲವು ಮಿಸೌರಿ ಅಭಿಮಾನಿಗಳು ಉರಿಯುವ ಲಾರೆನ್ಸ್ ಚಿತ್ರವಿದ್ದ ಟೀ ಶರ್ಟ್ ಹಾಕಿದ್ದೂ ಉಂಟು. ಇದನ್ನು ತಮಾಷೆ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಹಿಡಿಸಿದ್ದು ಇವರ ಮೂರನೆಯ ಜಗಳ. ಅಮೆರಿಕದಲ್ಲಿ ಒಂದು ರಾಜ್ಯ ಇನ್ನೊಂದರ ಸರಕಿಗೆ ಸುಂಕ ಹಾಕುವಂತಿಲ್ಲ. ಆದರೆ ಆದಾಯ ತೆರಿಗೆಯನ್ನು ಕೇಂದ್ರದ ಜೊತೆಗೆ ಹೆಚ್ಚಿನ ರಾಜ್ಯಗಳೂ ವಸೂಲಿ ಮಾಡುತ್ತವೆ. ನಮ್ಮಲ್ಲಿ ಟಿಡಿಎಸ್ ಇದ್ದ ಹಾಗೆ, ಕಂಪನಿ ನೌಕರರ ಸಂಬಳದಿಂದ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಕ್ಯಾನ್ಸಸ್ 2009ರಲ್ಲಿ 'ಪೀಕ್' ಎಂಬ ಯೋಜನೆ ತಂದಿತು. ನಮ್ಮ ರಾಜ್ಯಕ್ಕೆ ಬನ್ನಿ, ನೌಕರರಿಂದ ಮುರಿದ ರಾಜ್ಯ ತೆರಿಗೆಯಲ್ಲಿ ಶೇ. 95ರವರೆಗೆ ನೀವೇ ಇಟ್ಟುಕೊಳ್ಳಿ, ಅದೂ ಹಲವು ವರ್ಷ ಎಂದಿತು. ಮಿಸೌರಿಯೂ ಅಂಥದ್ದೇ ರಿಯಾಯಿತಿ ಕೊಟ್ಟಿತು.

ಫಲಿತಾಂಶ ಏನು? ಎಎಂಸಿ ಎಂಬ ದೊಡ್ಡ ಸಿನಿಮಾ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಮಿಸೌರಿಯಿಂದ ಕ್ಯಾನ್ಸಸ್‌ಗೆ ಒಯ್ದಿತು. ಆಪಲ್‌ಬೀಸ್ ಎಂಬ ಹೋಟೆಲ್ ಕಂಪನಿ 2011ರಲ್ಲಿ ಕ್ಯಾನ್ಸಸ್‌ನಿಂದ ಮಿಸೌರಿಗೆ ಬಂತು. ನೌಕರರು ಮನೆ ಬದಲಿಸಬೇಕಾಗಿಯೂ ಇರಲಿಲ್ಲ, ಬೆಳಿಗ್ಗೆ ಕಾರನ್ನು ಬೇರೆ ಕಡೆ ತಿರುಗಿಸಿದರೆ ಸಾಕಿತ್ತು. ಅಷ್ಟೆಲ್ಲ ಕೊಟ್ಟು ಕರೆಸಿದ ಆಪಲ್‌ಬೀಸ್ ಕಚೇರಿ ಕೆಲವೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋಯಿತು.

ನನ್ನ ಮಾಮುದು ಬಟ್ಟೆ ಅಂಗಡಿ. ಎದುರು ಸಾಲಿನ ಕಟ್ಟಡದ ಮಾಲೀಕ "ಒಂದು ವರ್ಷ ಬಾಡಿಗೆ ಬೇಡ, ಬನ್ನಿ" ಎಂದರೆ ಮಾಮು ಹೋಗುತ್ತಾರೆ. ಹಳೆಯ ಮಾಲೀಕ ಎರಡು ವರ್ಷ ಬಾಡಿಗೆ ಬಿಟ್ಟರೆ ವಾಪಸ್ ಬರುತ್ತಾರೆ. ಗಿರಾಕಿಗಳು ಅವರೇ, ಕೆಲಸದ ಹುಡುಗರೂ ಅವರೇ. ಒಂದು ಮೀಟರ್ ಬಟ್ಟೆಯೂ ಹೆಚ್ಚು ಮಾರಾಟವಾಗಿರುವುದಿಲ್ಲ, ಬಾಡಿಗೆ ಮಾತ್ರ ಇಬ್ಬರಿಗೂ ಹೋಯಿತು. ಇದನ್ನು ಮಾಮುಗೆ ಹೇಳಿದಾಗ "ಅಂಥ ಮಾಲೀಕ ಎಲ್ಲಿದ್ದಾನೆ, ಮೊದಲು ತೋರಿಸು" ಎಂದು ನಕ್ಕರು. ಕಂಪನಿಗಳೂ ಹಾಗೆಯೇ ಯೋಚಿಸಿರಬೇಕು, ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಕಟ್ಟಡದ ಮಾಲೀಕ ಕಳೆದುಕೊಳ್ಳುವುದು ತನ್ನ ಹಣ. ರಾಜ್ಯಗಳು ಕಳೆದುಕೊಂಡದ್ದು ಶಾಲೆಗೂ ರಸ್ತೆಗೂ ಬರಬೇಕಿದ್ದ ಹಣ.

ಅಲ್ಲಿನ ಹಾಲ್ ಫ್ಯಾಮಿಲಿ ಫೌಂಡೇಶನ್ ಇದರ ಲೆಕ್ಕ ಇಟ್ಟಿತು. ಎರಡೂ ರಾಜ್ಯಗಳು ಬಿಟ್ಟುಕೊಟ್ಟ ತೆರಿಗೆ ಸುಮಾರು 33.5 ಕೋಟಿ ಡಾಲರ್. ಅತ್ತಿತ್ತ ಓಡಾಡಿದ ಉದ್ಯೋಗಗಳು ಸುಮಾರು 12,000. ಕೊನೆಗೆ ಕ್ಯಾನ್ಸಸ್‌ಗೆ ಹೆಚ್ಚಿಗೆ ಉಳಿದದ್ದು ಸುಮಾರು 1,200. ಭಾಗಿಸಿ ನೋಡಿದೆ, ಒಂದು ಉದ್ಯೋಗಕ್ಕೆ 2.79 ಲಕ್ಷ ಡಾಲರ್! ಅದೂ ಹೊಸ ಉದ್ಯೋಗವಲ್ಲ, ಪಕ್ಕದ ರಾಜ್ಯದಲ್ಲಿ ಮೊದಲೇ ಇದ್ದದ್ದು.

ನಿಲ್ಲಿಸಿ ಎಂದು 2011ರಲ್ಲೇ 17 ಉದ್ಯಮಿಗಳು ಎರಡೂ ಗವರ್ನರ್‌ಗಳಿಗೆ ಪತ್ರ ಬರೆದಿದ್ದರು. 2014ರಲ್ಲಿ ಮಿಸೌರಿ ಕಾನೂನು ಮಾಡಿ ಕ್ಯಾನ್ಸಸ್‌ಗೆ ಎರಡು ವರ್ಷ ಸಮಯ ಕೊಟ್ಟಿತು, ಕ್ಯಾನ್ಸಸ್ ಒಪ್ಪಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ, ಮೊದಲು ನಿಲ್ಲಿಸಿದವನೇ ಕಂಪನಿಗಳನ್ನು ಕಳೆದುಕೊಳ್ಳುತ್ತಾನೆ. ಕೊನೆಗೆ 2019ರಲ್ಲಿ ಮಿಸೌರಿಯ ಗವರ್ನರ್ ಮೈಕ್ ಪಾರ್ಸನ್ ಹೊಸ ಕಾನೂನಿಗೆ ಸಹಿ ಹಾಕಿದರು. ಆಗಸ್ಟ್‌ನಲ್ಲಿ ಕ್ಯಾನ್ಸಸ್‌ನ ಲಾರಾ ಕೆಲ್ಲಿ ಆದೇಶ ಹೊರಡಿಸಿದರು. ಗಡಿಯ ಕೌಂಟಿಗಳಲ್ಲಿ ಮೊದಲೇ ಇರುವ ಉದ್ಯೋಗವನ್ನು ಆಚೆಯಿಂದ ಈಚೆಗೆ ತಂದರೆ ರಿಯಾಯಿತಿ ಇಲ್ಲ, ನಿಜವಾಗಿ ಹೊಸದಾದರೆ ಮಾತ್ರ ಉಂಟು ಎಂಬುದು ಆಗಿನ ಒಪ್ಪಂದವಾಗಿತ್ತು. ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಾಟ್ ಎಂಬುದೂ ಗಮನಿಸಬೇಕಾದ ವಿಷಯ.

ಆದರೆ ಕ್ರೀಡಾಂಗಣದ ವಿಷಯ ಬಂದಾಗ ಮತ್ತೆ ಅದೇ ಶುರುವಾಯಿತು. 2024ರ ಏಪ್ರಿಲ್‌ನಲ್ಲಿ ಮಿಸೌರಿಯ ಜಾಕ್ಸನ್ ಕೌಂಟಿಯ ಮತದಾರರು ಚೀಫ್ಸ್ ಮತ್ತು ಬೇಸ್‌ಬಾಲ್ ತಂಡ ರಾಯಲ್ಸ್‌ನ ಕ್ರೀಡಾಂಗಣಗಳಿಗಾಗಿ ಮಾರಾಟ ತೆರಿಗೆ ಕೊಡಲು ಒಪ್ಪಲಿಲ್ಲ. ಜೂನ್‌ನಲ್ಲಿ ಕ್ಯಾನ್ಸಸ್ ಕಾನೂನು ಮಾಡಿ, ನಮ್ಮ ಕಡೆ ಕಟ್ಟಿದರೆ ವೆಚ್ಚದ ಶೇ. 70ರವರೆಗೆ ಬಾಂಡ್ ಮೂಲಕ ಹೊಂದಿಸುತ್ತೇವೆ ಎಂದಿತು. ಮರುವರ್ಷ ಮಿಸೌರಿ ಶೇ. 50ರವರೆಗೆ ಕೊಡುತ್ತೇವೆ ಎಂದಿತು.