ಆಟದ ಕಟ್ಟಳೆಯೂ ಮಾತನಾಡುತ್ತದೆ

ಕಳೆದ ಬೇಸಗೆಯ ರಜೆಯಲ್ಲಿ ತಂಗಿಯ ಮಗ ಮಂಡಿ ಮೊಹಲ್ಲಾದ ನಮ್ಮ ಮನೆಗೆ ಬಂದಿದ್ದ. ಹಗಲೆಲ್ಲ ಮೊಬೈಲಿನಲ್ಲಿ ವಿಡಿಯೋ ಆಟ. "ಅದರಲ್ಲಿ ಅರ್ಥವೇನಿದೆಯೋ?" ಎಂದು ಗದರಿಸಿ, ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಹುಲಿ-ಕುರಿ ಆಟದ ಗೆರೆಗಳನ್ನೆಳೆದೆ. ನಾನು ಕಲಿತ ಪಾಠದಂತೆ 3 ಹುಲಿ, 15 ಕುರಿ. ಊರೂರಿಗೆ ಈ ಲೆಕ್ಕ ಬೇರೆ. ಹುಣಿಸೆ ಬೀಜಗಳು ಕುರಿಗಳಾದುವು, ಹರಳುಗಳು ಹುಲಿಗಳಾದುವು.

ಪಕ್ಕದ ಕುರಿಯಾಚೆ ನೇರ ಗೆರೆಯಲ್ಲಿ ಎಡೆ ಬರಿದಾಗಿದ್ದರೆ ಹುಲಿ ಹಾರಿ ಅದನ್ನು ಕೊಲ್ಲಬಹುದು. ಕುರಿಗೆ ಕೊಲ್ಲುವ ಅಧಿಕಾರವೇ ಇಲ್ಲ. ಒಂದೊಂದಾಗಿ ಕಣಕ್ಕಿಳಿಯಬೇಕು, ಎಲ್ಲವೂ ಇಳಿದ ಮೇಲೆ ಒಂದೊಂದೇ ಹೆಜ್ಜೆ ಸರಿಯಬೇಕು. "ಇದೇನು ಮಾವ, ಅನ್ಯಾಯ!" ಎಂದ ಹುಡುಗ. ನಾನು ಉತ್ತರ ಕೊಡಲಿಲ್ಲ. ಮೂರನೆಯ ಆಟದ ಹೊತ್ತಿಗೆ ತಾನೇ ಕಂಡುಕೊಂಡ: ಒಂದರ ಬೆನ್ನಿಗೆ ಇನ್ನೊಂದು ನಿಂತರೆ ಹುಲಿ ಹಾರಲಾರದು. ಸ್ವಲ್ಪ ಹೊತ್ತಿನಲ್ಲಿ ನನ್ನ ಮೂರು ಹುಲಿಗಳೂ ಕದಲಲಾರದೆ ನಿಂತುವು.

ಒಗ್ಗಟ್ಟಿನ ಮೇಲೆ ತರಗತಿಯಲ್ಲಿ ನಾನು ಎಷ್ಟೋ ಪ್ರಬಂಧಗಳನ್ನು ಬರೆಸಿದ್ದೇನೆ. ಇಲ್ಲಿ ಆ ಮಾತನ್ನು ಯಾರೂ ಆಡಲಿಲ್ಲ. ವಾಚ್ಯಾರ್ಥವನ್ನು ಮೀರಿದ ಧ್ವನಿಯನ್ನು ಆನಂದವರ್ಧನನು ಕಾವ್ಯದಲ್ಲಿ ತೋರಿಸಿದ. ಆಟದಲ್ಲಾದರೋ ಶಬ್ದವೇ ಇಲ್ಲ. ಏನು ಮಾಡಬಹುದು, ಏನು ಮಾಡಬಾರದು, ಮಾಡಿದರೆ ಏನಾಗುತ್ತದೆ ಎಂಬ ಕಟ್ಟಳೆಯಿಂದಲೇ ಧ್ವನಿ ಹೊರಡುತ್ತದೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲೊಂದಾದ 'ಕೌತುಕನಿಧಿ'ಯಲ್ಲಿ ಆಟಗಳಿಗೂ ಎಡೆಗೊಟ್ಟದ್ದು ಬರಿಯ ವಿನೋದಕ್ಕೆಂದು ನನಗೆ ತೋರುವುದಿಲ್ಲ.

"ಹಾಗಾದರೆ ನನ್ನ ಆಟಕ್ಕೂ ಕಟ್ಟಳೆಯಿದೆಯಲ್ಲ, ಮಾವ?" ಎಂದು ಹುಡುಗ ಕೇಳಿದ. ಪಂಡಿತನ ಬಾಯಿ ಕಟ್ಟಿತು!

ಅವನ ಪ್ರಶ್ನೆಯ ಬೆನ್ನು ಹತ್ತಿ ಒಂದಿಷ್ಟು ಓದಿದೆ. ಉರುಗ್ವೆಯ ಗೊನ್ಸಾಲೊ ಫ್ರಾಸ್ಕ 2003ರಲ್ಲಿ 'ಸೆಪ್ಟೆಂಬರ್ 12' ಎಂಬ ಕಿರಿದಾದ ವಿಡಿಯೋ ಆಟವೊಂದನ್ನು ಹೊರತಂದರು. ಪರದೆಯ ಮೇಲೆ ಒಂದು ಪೇಟೆ. ಜನಸಾಮಾನ್ಯರ ನಡುವೆ ಕೆಲವರು ಭಯೋತ್ಪಾದಕರು. ಆಡುವವನ ಕೈಯಲ್ಲಿರುವುದು ಕ್ಷಿಪಣಿಯೊಂದೇ. ಗುಂಡಿ ಒತ್ತಿದ ಮೇಲೆ ಅದು ಬೀಳಲು ತುಸು ಹೊತ್ತು ಬೇಕು. ಅಷ್ಟರಲ್ಲಿ ಜನ ಅತ್ತಿತ್ತ ನಡೆದಿರುತ್ತಾರೆ. ಮನೆ ಕುಸಿಯುತ್ತದೆ, ಏನೂ ಅರಿಯದವರು ಸಾಯುತ್ತಾರೆ. ಹೆಣದ ಬಳಿ ಅಳುವವರು ನೋಡನೋಡುತ್ತಿದ್ದಂತೆ ತಾವೇ ಭಯೋತ್ಪಾದಕರಾಗಿ ಏಳುತ್ತಾರೆ. ಹೊಡೆದಷ್ಟೂ ಅವರ ಸಂಖ್ಯೆ ಹೆಚ್ಚು. ಗೆಲುವೆಂಬುದು ಆ ಆಟದಲ್ಲಿಲ್ಲ. ಹೊಡೆಯದೆ ಸುಮ್ಮನಿರುವುದೂ ಅಲ್ಲಿ ಒಂದು ನಡೆ. ಯುದ್ಧದ ಮೇಲೆ ಭಾಷಣ ಕೇಳಿದವನು ತಲೆದೂಗಿ ಎದ್ದು ಹೋಗಬಹುದು. ಇಲ್ಲಿ ಗುಂಡಿ ಒತ್ತಿದ ಬೆರಳು ತನ್ನದೇ.

ಅನಂತರ ಹುಡುಗನ ಪಕ್ಕದಲ್ಲಿ ಕುಳಿತು ಅವನ ಆಟವನ್ನೂ ನೋಡಿದೆ. ಚಿತ್ರದಲ್ಲಿ ಧನುರ್ಧಾರಿಯಾದ ವೀರ, ಹಿಂದೆ ದೇಗುಲದ ಗೋಪುರ, ಭವ್ಯವಾದ ವಾದ್ಯಘೋಷ. ತಾಯಂದಿರು ಕಂಡರೆ ಮೆಚ್ಚುವಂಥದೇ. ಆದರೆ ಐದು ಸಲ ಸೋತೊಡನೆ ಆಟ ನಿಂತಿತು: ನಾಲ್ಕು ಗಂಟೆ ಕಾಯಬೇಕು, ಇಲ್ಲವೆ ದುಡ್ಡು ಕಟ್ಟಬೇಕು. ದುಡ್ಡು ಕಟ್ಟಿದವನ ಬಿಲ್ಲಿಗೆ ಬಲವೂ ಹೆಚ್ಚಂತೆ.

"ಇಲ್ಲಿ ಗೆಲ್ಲುವವನು ಯಾರು?" ಎಂದೆ. ಹುಡುಗ ಸ್ವಲ್ಪ ಯೋಚಿಸಿ, "ಅಪ್ಪನ ಹತ್ತಿರ ದುಡ್ಡಿದ್ದವನು" ಎಂದ.